ಓರೆಗೆರೆ ಅಳಿಸಿದರೆ 45/2 ಹೋಗಿ 452 ಆಗುತ್ತದೆ

ಮಾನ್ಯ ಸಂಪಾದಕರೇ,

ಪಹಣಿ, ಮ್ಯುಟೇಷನ್, ಕ್ರಯಪತ್ರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರು ಕೋಲಾರ ಜಿಲ್ಲೆಯಲ್ಲಿ ಈಗ ಬಹಳ ಜನ. ಪತ್ರ ಬರಹಗಾರರು, ವಕೀಲರು, ರೈತರ ಮಕ್ಕಳು ಎಲ್ಲರೂ ಇದ್ದಾರೆ. ಆ ಫೈಲುಗಳಿಗೆ ಹೆಸರಿಡುವಾಗ ಆಗುವ ಒಂದು ತಪ್ಪಿನ ಬಗ್ಗೆ ಈ ಪತ್ರ.

ಪಹಣಿಯ ಸರ್ವೆ ನಂಬರ್, ಅದರ ಒಳವಿಭಾಗಗಳಾದ ಸರ್ನೋಕ್, ಹಿಸ್ಸಾ ಮೂರನ್ನೂ ಸೇರಿಸಿ 45/*/2 ಎಂದು ಬರೆಯುವುದು ರೂಢಿ. ಅದನ್ನೇ ಫೈಲಿನ ಹೆಸರಾಗಿ ಟೈಪ್ ಮಾಡಿದರೆ ವಿಂಡೋಸ್ ಒಪ್ಪುವುದಿಲ್ಲ. \ / : * ? " < > | ಈ ಒಂಬತ್ತು ಚಿಹ್ನೆಗಳನ್ನು ಅದು ಬೇರೆ ಕೆಲಸಕ್ಕೆ ಇಟ್ಟುಕೊಂಡಿದೆ. ಆಗ ಅವಸರದಲ್ಲಿ ಚಿಹ್ನೆ ಅಳಿಸಿ 452 ಎಂದು ಸೇವ್ ಮಾಡಿಬಿಡುತ್ತಾರೆ. ಆದರೆ 452 ಬೇರೆಯವರ ಜಮೀನು. 4/52 ಎಂಬುದನ್ನು ಅಳಿಸಿದರೂ 452 ಆಗುತ್ತದೆ, ಎರಡನೆಯ ಫೈಲ್ ಮೊದಲನೆಯದರ ಮೇಲೆಯೇ ಕೂರಬಹುದು.

ಚಿಹ್ನೆಯನ್ನು ಅಳಿಸಬಾರದು, ಬದಲಿಸಬೇಕು. ಓರೆಗೆರೆಯ ಜಾಗಕ್ಕೆ ಸಣ್ಣ ಅಡ್ಡಗೆರೆ, ನಕ್ಷತ್ರದ ಜಾಗಕ್ಕೆ 'ಸ್ಟಾರ್' ಎಂಬ ಪದ: 0045-ಸ್ಟಾರ್-02. ಹೀಗಿದ್ದರೆ ಹೆಸರು ನೋಡಿಯೇ ಮೂಲ ಸಂಖ್ಯೆಯನ್ನು ತಿರುಗಿ ಬರೆಯಬಹುದು. ಮುಂದೆ ಸೊನ್ನೆ ಹಾಕುವುದರಿಂದ, ಅಕ್ಷರಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ 45 ಎಂಬುದು 112 ಆದ ನಂತರ ಹೋಗಿ ಕೂರುವುದಿಲ್ಲ. ತಾರೀಖನ್ನು 2024-06-12 ಎಂದು ವರ್ಷದಿಂದ ಶುರು ಮಾಡಿ.

ಲಿನಕ್ಸ್ ಬಳಸುವವರಿಗೆ ತೊಂದರೆ ಇನ್ನೊಂದು ಕಡೆಯಿಂದ ಬರುತ್ತದೆ. ಅಲ್ಲಿ ಓರೆಗೆರೆ ಬಿಟ್ಟರೆ ಕಣ್ಣಿಗೆ ಕಾಣುವ ಯಾವ ಚಿಹ್ನೆಯೂ ನಡೆಯುತ್ತದೆ, ನಕ್ಷತ್ರವೂ ಸೇರಿ. ಆದರೆ ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ನಕ್ಷತ್ರವೆಂದರೆ 'ಎಲ್ಲವೂ' ಎಂದರ್ಥ. * ಎಂಬ ಹೆಸರಿನ ಒಂದು ಫೈಲನ್ನು ಉದ್ಧರಣ ಚಿಹ್ನೆ ಹಾಕದೆ ಅಳಿಸಲು ಹೋದರೆ ಫೋಲ್ಡರಿನಲ್ಲಿ ಕಾಣುವ ಫೈಲುಗಳೆಲ್ಲ ಹೋಗುತ್ತವೆ. 'ಅರ್ಜಿ 10:30' ಎಂಬ ಹೆಸರಿನ ಫೈಲ್ ಲಿನಕ್ಸ್‌ನಲ್ಲಿ ಸರಿಯಾಗಿಯೇ ಇರುತ್ತದೆ, ಎಕ್ಸ್‌ಫ್ಯಾಟ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕುವಾಗ ಎಷ್ಟೋ ಸಲ ಎರರ್ ಬರುತ್ತದೆ. ಸ್ಕಿಪ್ ಒತ್ತಿದರೆ ಅದೊಂದು ಫೈಲ್ ಮಾತ್ರ ಪೆನ್‌ಡ್ರೈವ್ ಸೇರುವುದೇ ಇಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಮಾದರಿಯ ಡಿಸ್ಕಿನಲ್ಲಿ ಇದು ಇನ್ನೂ ಕೆಟ್ಟದ್ದು: ಯಾವುದಾದರೂ ಪ್ರೋಗ್ರಾಂ ಕೋಲನ್ (:) ಇರುವ ಹೆಸರಿಗೆ ಬರೆದರೆ 'ಅರ್ಜಿ 10' ಎಂಬ ಸೊನ್ನೆ ಬೈಟಿನ ಫೈಲ್ ಕಾಣುತ್ತದೆ, ಒಳಗಿನ ಮಾಹಿತಿ ಮರೆಯಲ್ಲಿ ಉಳಿಯುತ್ತದೆ. ಪೆನ್‌ಡ್ರೈವ್‌ಗೆ ಕಾಪಿ ಮಾಡಿದಾಗ ಆ ಮರೆಯ ಭಾಗ ಬರುವುದಿಲ್ಲ.

ಕನ್ನಡದಲ್ಲಿ ಹೆಸರಿಡಲು ಹೆದರಬೇಕಿಲ್ಲ, ಯೂನಿಕೋಡ್ (ಎಲ್ಲ ಭಾಷೆಗಳಿಗೂ ಬಳಸುವ ಅಕ್ಷರಸಂಕೇತ ಪದ್ಧತಿ) ಆಗಿದ್ದರೆ ಸಾಕು. ಉದ್ದದ ಲೆಕ್ಕ ಮಾತ್ರ ಗೊತ್ತಿರಲಿ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಅಕ್ಷರಸಂಕೇತಗಳು ಹಿಡಿಸುತ್ತವೆ. ಲಿನಕ್ಸ್‌ನ ಎಕ್ಸ್‌ಟಿ4 ಮಾದರಿಯ ಡಿಸ್ಕಿನಲ್ಲಿ ಮಿತಿ 255 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ 85 ಸಂಕೇತಕ್ಕೆ ಮುಗಿಯಿತು. 'ಕ್ಷ' ಒಂದೇ ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತ ಸೇರಿ 9 ಬೈಟ್ ತಿನ್ನುತ್ತದೆ.

ನಮ್ಮ ಜಿಲ್ಲೆಯ ಹೆಸರನ್ನೇ ನೋಡಿ. 'ಕೋಲಾರ' ಎಂಬುದರ ಓ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಮೊದಲನೆಯದು 15 ಬೈಟ್, ಎರಡನೆಯದು 21. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ತುಂಡು ಮಾಡಿಯೇ ಇಡುತ್ತದೆ. ಅಲ್ಲಿಂದ ಬಂದ ಫೋಲ್ಡರ್ ಲಿನಕ್ಸ್‌ನಲ್ಲಿ ಇನ್ನೊಂದು 'ಕೋಲಾರ'ದ ಪಕ್ಕದಲ್ಲಿ ಕೂತರೆ ಎರಡೂ ಕಣ್ಣಿಗೆ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಲಿನಕ್ಸ್‌ನ ಕನ್ವ್‌ಎಂವಿ ಪ್ರೋಗ್ರಾಂ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಸೇರಿಸುವ) ಆಯ್ಕೆಯೊಂದಿಗೆ ಇವನ್ನು ಒಂದೇ ರೂಪಕ್ಕೆ ತರುತ್ತದೆ. ಮೊದಲ ಸಲ ಅದು ಏನು ಬದಲಾಗುತ್ತದೆಂದು ತೋರಿಸುತ್ತದೆ ಅಷ್ಟೇ. ನೋಡಿಕೊಂಡು 'ನೋಟೆಸ್ಟ್' (--notest) ಎಂಬ ಆಯ್ಕೆ ಸೇರಿಸಿದರೆ ಮಾತ್ರ ಹೆಸರು ಬದಲಾಗುತ್ತದೆ.

ದಾಖಲೆಗಳ ಸಾಫ್ಟ್‌ವೇರ್ ಬರೆಯುವವರಲ್ಲಿ ಒಂದು ಮನವಿ. ನಿಷಿದ್ಧ ಚಿಹ್ನೆಯನ್ನು ಬಳಕೆದಾರರಿಗೆ ತಿಳಿಸದೆ ನುಂಗುವ ಕೋಡ್ ಬೇಡ. ಹೊಸ ಹೆಸರನ್ನು ತೋರಿಸಿ, ಅದೇ ಹೆಸರು ಮೊದಲೇ ಇದ್ದರೆ ನಿಲ್ಲಿಸಿ ಕೇಳಿ. ಮೂಲ ಸಂಖ್ಯೆಯನ್ನು 45/*/2 ಎಂದೇ ಇಡಲು ಜೊತೆಯ ಪಟ್ಟಿಯಲ್ಲಿ ಪ್ರತ್ಯೇಕ ಕಾಲಂ ಕೊಡಿ.

– ಒಬ್ಬ ಓದುಗ, ಮುಳಬಾಗಿಲು, ಕೋಲಾರ ಜಿಲ್ಲೆ