ಆ ಮೆಟ್ಟಿಲನ್ನೇ ಹಿಡಿದುಕೋ, ಕಾರ್ತಿಕ

ಪ್ರೀತಿಯ ಕಾರ್ತಿಕ,

ನೀನು ಕಳಿಸಿದ ಪ್ರಾಜೆಕ್ಟ್ ಪ್ರಸ್ತಾವ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ಇದು ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ಮುಗಿಸುವ ಕೆಲಸ ಅಲ್ಲ ಕಣೋ. "ನಗರದ ಸದ್ದುಗಳಿಂದ ಸಂಗೀತ" ಅಂದಿದ್ದೀಯ. ಯಾವ ಸದ್ದು? ಯಾವ ಹೊತ್ತಿನದ್ದು? ಅದನ್ನೇ ಯಾಕೆ? ಒಂದಕ್ಕೂ ಅದರಲ್ಲಿ ಉತ್ತರ ಇಲ್ಲ. ಕೆನಡಾದ ಸಂಗೀತ ರಚನಕಾರ ಮರ್ರಿ ಶೇಫರ್ ಅಲ್ಲಿನ ವ್ಯಾಂಕೂವರ್ ನಗರದ ಸದ್ದುಗಳನ್ನು ಹಿಡಿದು 1973ರಲ್ಲಿ ಹೊರತಂದಾಗ ಅವರ ಬೆನ್ನಿಗೆ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಒಂದು ತಂಡವೇ ಇತ್ತು. ನಿನ್ನ ಹತ್ತಿರ ಒಂದು ರೆಕಾರ್ಡರ್ ಇದೆ, ಜೊತೆಗೆ ಯಾವಾಗಲೂ ನಿದ್ದೆಗೆಟ್ಟಿರುವ ಒಬ್ಬ ರೂಮ್‌ಮೇಟ್ ಇದ್ದಾನೆ, ಅಷ್ಟೇ ಅಲ್ವಾ?

ಆದರೆ ಮೂರನೇ ಪುಟದ ಕೊನೆಯಲ್ಲಿ ನೀನೇ ಸುಮ್ನೆ ದಾಟಿ ಹೋಗಿರುವ ಒಂದು ಸಾಲಿದೆ. ಹಾಸ್ಟೆಲಿನ ಹಿಂದಿನ ಮೆಟ್ಟಿಲಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಏನೋ ವಿಚಿತ್ರವಾಗಿ ವಾಪಸ್ ಬರುತ್ತದೆ, ಅದನ್ನೂ ಎಲ್ಲಾದರೂ ಬಳಸಬಹುದು ಅಂತ. ನಿನ್ನ ಪ್ರಾಜೆಕ್ಟ್ ಅದೇ. ಉಳಿದ ಹದಿನಾಲ್ಕು ಪುಟ ಪಕ್ಕಕ್ಕಿಡು.

ಯಾಕೆ ಅಂತ ಹೇಳುತ್ತೇನೆ. ನಗರದ ಸದ್ದಿನ ಬಗ್ಗೆ ನೀನು ಏನು ಹೇಳಿದರೂ ನಡೆಯುತ್ತದೆ. ಗಲಾಟೆ ಇದೆ ಅಂದರೂ ಸರಿ, ಅದರಲ್ಲೊಂದು ಲಯ ಇದೆ ಅಂದರೂ ಸರಿ, ಯಾರೂ ಇಲ್ಲ ಅನ್ನುವುದಿಲ್ಲ. ರೆಕಾರ್ಡಿಂಗ್ ಕೂಡ ಇಲ್ಲ ಅನ್ನುವುದಿಲ್ಲ. ಮೆಟ್ಟಿಲು ಹಾಗಲ್ಲ. "ಮೆಟ್ಟಿಲ ಮೇಲೆ ಇಪ್ಪತ್ತು ಜನ ಕೂತರೆ ವಾಪಸ್ ಬರುವ ಆ ಗುಂಯ್ ಎಷ್ಟು ತಗ್ಗುತ್ತದೆ? ಆ ಇಳಿತವನ್ನು ಕೇಳುಗನಿಗೆ ಗೊತ್ತಾಗುವ ಹಾಗೆ ಒಂದು ರಚನೆಯ ಒಳಗೆ ತರಬಹುದೇ?" ಅಂತ ಕೇಳಿದೆ ಅಂದುಕೋ. ಈಗ ನೀನು ತಪ್ಪಾಗಬಹುದು. ಜನ ಕೂತರೂ ಏನೂ ಬದಲಾಗದೆ ಇರಬಹುದು. ಮೆಷಿನ್ ನಿನ್ನ ಮುಖಕ್ಕೇ ಇಲ್ಲ ಅನ್ನಬಹುದು. ಅಂಥ ಪ್ರಶ್ನೆ ಇದ್ದರೆ ಮಾತ್ರ ಅದನ್ನು ಸಂಶೋಧನೆ ಅಂತ ಕರೆಯುವುದಕ್ಕೆ ನಾನು ಒಪ್ಪುತ್ತೇನೆ, ಇಲ್ಲದಿದ್ದರೆ ಅದು ಚಂದದ ಸದ್ದುಗಳ ಕಂತೆ, ಅಂಥವು ಬೇಕಾದಷ್ಟಿವೆ.

ಈ ಪ್ರಶ್ನೆ ನನ್ನ ತಲೆಯಿಂದ ಹುಟ್ಟಿದ್ದೇನೂ ಅಲ್ಲ. 1895ರಲ್ಲಿ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ, ಆಡಿದ ಒಂದು ಪದ 5 ಸೆಕೆಂಡಿಗಿಂತ ಜಾಸ್ತಿ ಹೊತ್ತು ಗಾಳಿಯಲ್ಲೇ ಉಳಿಯುತ್ತಿತ್ತು. ಸರಿಮಾಡು ಅಂತ ವಾಲೇಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರಜ್ಞನಿಗೆ ಹೇಳಿದರು. ಆತನ ಹತ್ತಿರ ಇದ್ದದ್ದು ಒಂದು ಆರ್ಗನ್ ಕೊಳವೆ, ಸ್ಟಾಪ್‌ವಾಚ್ ಮತ್ತು ಕಿವಿ. ಪಕ್ಕದ ಸಭಾಂಗಣದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸುವುದು, ಕೊಳವೆ ಊದಿಸಿ ನಿಲ್ಲಿಸುವುದು, ಸದ್ದು ಸಾಯುವವರೆಗೆ ಎಣಿಸುವುದು, ಇನ್ನಷ್ಟು ಮೆತ್ತೆ ತರುವುದು. ಬೆಳಗಾಗುವಷ್ಟರಲ್ಲಿ ಎಲ್ಲವನ್ನೂ ವಾಪಸ್ ಇಡುವುದು. ಇದರಿಂದ ಬಂದ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ. ಜಾಗದ ಘನ ಅಳತೆಯನ್ನು 0.161ರಿಂದ ಗುಣಿಸಿ, ಅಲ್ಲಿರುವ ಸದ್ದು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸು. ಬರುವುದು ರಿವರ್ಬ್ ಸಮಯ, ಅಂದರೆ ಸದ್ದು 60 ಡೆಸಿಬೆಲ್ ಇಳಿಯಲು ಬೇಕಾದ ಸೆಕೆಂಡುಗಳು. ನಿನ್ನ ಮೆಟ್ಟಿಲ ಜಾಗ 120 ಘನ ಮೀಟರ್ ಇದ್ದು, ಹೀರುವಿಕೆ 6 ಚದರ ಮೀಟರ್ ತೆರೆದ ಕಿಟಕಿಗೆ (ಅದರಿಂದ ಹೊರಹೋದ ಸದ್ದು ವಾಪಸ್ ಬರುವುದಿಲ್ಲ, ಅಂದರೆ ಪೂರ್ತಿ ಹೀರಿದ ಹಾಗೆ) ಸಮ ಇದ್ದರೆ 3.2 ಸೆಕೆಂಡ್. ಮೊದಲು ಟೇಪ್ ಹಿಡಿದು ಅಳೆ, ಲೆಕ್ಕ ಹಾಕು, ಬರೆದಿಡು. ಆಮೇಲೆ ಚಪ್ಪಾಳೆ ತಟ್ಟು. ಎರಡು ಅಂಕಿ ಹೊಂದದಿದ್ದರೆ ಬೇಜಾರಾಗಬೇಡ, ಅದು ಖುಷಿಪಡುವ ವಿಷಯ. ಉದ್ದಕ್ಕೆ ಕೊರಳಿನ ಹಾಗೆ ಎದ್ದುನಿಂತ ಜಾಗದಲ್ಲಿ ಆ ಸೂತ್ರ ಸರಿಯಾಗಿ ಕೂರುವುದಿಲ್ಲ. ಯಾಕೆ ಕೂರುವುದಿಲ್ಲ ಅನ್ನುವುದೇ ನಿನ್ನ ವರದಿಯ ಒಳ್ಳೆಯ ಅಧ್ಯಾಯ ಆಗಬಹುದು.

ನಿನ್ನ ವೇಳಾಪಟ್ಟಿ ಮಾತ್ರ ನನಗೆ ಹಿಡಿಸಲಿಲ್ಲ. ಮೊದಲು ಓದು, ಆಮೇಲೆ ರೆಕಾರ್ಡಿಂಗ್, ಕೊನೆಗೆ ರಚನೆ ಅಂತ ಮೂರು ಚೌಕ ಬರೆದಿದ್ದೀಯ. ಗೈಡ್‌ಗೆ ತೋರಿಸಲು ಚೌಕ ಇರಲಿ, ಕೆಲಸ ಹಾಗೆ ಮಾಡಬೇಡ. ಮೊದಲ ವಾರವೇ ರೆಕಾರ್ಡರ್ ತೆಗೆದುಕೊಂಡು ಹೋಗು. ಕೇಳಿದ್ದು ಅರ್ಥವಾಗದಿದ್ದಾಗ ಓದು. ಓದಿದ್ದು ನಂಬಿಕೆ ಬರದಿದ್ದಾಗ ಮತ್ತೆ ಹೋಗು. ಸ್ಟುಡಿಯೋದಲ್ಲಿ ನಾನು ನೋಡಿದ ಒಳ್ಳೆಯ ಹುಡುಗರೆಲ್ಲ ಹೀಗೇ ಕೆಲಸ ಮಾಡಿದವರು. ಹೊರಗೆ ಸರಿದು ಮೊದಲ ಮೆಟ್ಟಿಲ ಮುಂದೆ ನಿಂತು ಚಪ್ಪಾಳೆ ತಟ್ಟಿದರೆ ಮಾರ್ದನಿ ಮೇಲಿನಿಂದ ಕೆಳಗೆ ಜಾರುವ ಹಾಗೆ ಕೇಳಿತು ಅಂದುಕೋ, ಅದು ಯಾಕೆ? ಹುಡುಕಿದರೆ ಮೆಕ್ಸಿಕೋದ ಚಿಚೆನ್ ಇಟ್ಜಾ ಪಿರಮಿಡ್ ಸಿಗುತ್ತದೆ. ಅಲ್ಲಿ ಮೆಟ್ಟಿಲಿಗೆ ಎದುರಾಗಿ ಚಪ್ಪಾಳೆ ತಟ್ಟಿದರೆ ಹಕ್ಕಿ ಕೂಗಿದ ಹಾಗೆ ವಾಪಸ್ ಬರುತ್ತದೆ. ಡೇವಿಡ್ ಲುಬ್ಮನ್ 1998ರಲ್ಲಿ ಅದನ್ನು ವಿವರಿಸಿದರು. ಒಂದೊಂದು ಮೆಟ್ಟಿಲೂ ಸ್ವಲ್ಪ ತಡವಾಗಿ ಸದ್ದನ್ನು ಹಿಂದಿರುಗಿಸುತ್ತದೆ, ಮೇಲೆ ಹೋದಷ್ಟೂ ಆ ತಡದ ಅಂತರ ಹಿಗ್ಗುತ್ತದೆ, ಅದಕ್ಕೇ ಶ್ರುತಿ ಇಳಿಯುತ್ತದೆ. ಇದನ್ನು ಮೊದಲೇ ಓದಿಕೊಂಡು ಹೋಗಿದ್ದರೆ ನಿನಗೆ ಬರೀ ಹಕ್ಕಿಯೇ ಕೇಳುತ್ತಿತ್ತು, ನಿನ್ನ ಮೆಟ್ಟಿಲು ಕೇಳುತ್ತಿರಲಿಲ್ಲ.

ಒಳಗೆ, ಎರಡು ಗೋಡೆ ಎದುರುಬದುರಾಗಿರುವ ಕಡೆ, ಚಪ್ಪಾಳೆ "ಝಿರ್" ಅಂತ ಗುನುಗುತ್ತದಲ್ಲ, ಅದು ಬೇರೆ. ಗೋಡೆಗಳ ನಡುವೆ 2 ಮೀಟರ್ ಇದ್ದರೆ ಸದ್ದು ಹೋಗಿ ಬರಲು 4 ಮೀಟರ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸು, ಸುಮಾರು 86 ಬರುತ್ತದೆ. ಅಂದರೆ ಮಾರ್ದನಿ ಸೆಕೆಂಡಿಗೆ 86 ಸಲ ಬಡಿಯುತ್ತಿದೆ, ಅದೇ ಒಂದು ಕೆಳಗಿನ ಸ್ವರ. ನಿನ್ನ ಮೆಟ್ಟಿಲಿಗೆ ಅದರದೇ ಶ್ರುತಿ ಇದೆ ಮಾರಾಯ! ರಚನೆಗೆ ಆಧಾರ ಸ್ವರ ಯಾವುದು ಅಂತ ಇನ್ನು ಚರ್ಚೆ ಬೇಡ.

ಈಗ ರೆಕಾರ್ಡಿಂಗ್ ಬಗ್ಗೆ. ಯಾವ ಮೈಕ್ ಕೊಳ್ಳಲಿ ಅಂತ ಕೇಳಿದ್ದೆ. ಕೊಳ್ಳಬೇಡ, ಇರುವುದು ಸಾಕು. ಮೊಬೈಲಲ್ಲಿ ಮಾಡಿದರೂ ಮಾಡು, ಆದರೆ ಗದ್ದಲ ತೆಗೆಯುವ ಮತ್ತು ಸದ್ದಿನ ಮಟ್ಟವನ್ನು ತಾನಾಗಿಯೇ ಏರಿಸಿ ಇಳಿಸುವ ಸೆಟ್ಟಿಂಗ್ ಎರಡನ್ನೂ ಆಫ್ ಮಾಡು. ಇಲ್ಲದಿದ್ದರೆ ನಿನಗೆ ಬೇಕಾದ ಆ ಬಾಲವನ್ನೇ, ಗುಂಯ್ ಅನ್ನುವುದನ್ನೇ, ಮೊಬೈಲ್ ಗದ್ದಲ ಅಂತ ಒರೆಸಿಹಾಕುತ್ತದೆ. ರೆಕಾರ್ಡಿಂಗ್ ಗುಣಮಟ್ಟದ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಇರಲಿ. ಎಂಪಿ3 ಬೇಡವೇ ಬೇಡ. ಅತಿ ಜೋರು ಸದ್ದು ಕೂಡ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ (ಸೊನ್ನೆ ಅಂದರೆ ಗರಿಷ್ಠ) ದಾಟದ ಹಾಗೆ ಗೇನ್, ಅಂದರೆ ಸದ್ದು ಹಿಡಿಯುವ ಮಟ್ಟ, ಇಡು, ಒಮ್ಮೆ ಒಡೆದ ಸದ್ದನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಕೂಡಿಸುವುದಿಲ್ಲ.

ಚಪ್ಪಾಳೆ ಪ್ರತಿ ಸಲ ಬೇರೆ ಥರ ಬೀಳುತ್ತದೆ, ಹಾಗಾಗಿ ಅಳತೆಗೆ ಬಲೂನು ಒಡೆ. ಒಂದೇ ಗಾತ್ರದ ಬಲೂನು, ಒಂದೇ ಜಾಗ, ಮೈಕ್ ಒಂದೇ ದೂರದಲ್ಲಿ. ಜಾಗ ಎಷ್ಟೇ ನಿಶ್ಶಬ್ದ ಅನಿಸಿದರೂ ಪೂರ್ತಿ 60 ಡೆಸಿಬೆಲ್ ಇಳಿತ ನಿನಗೆ ಸಿಗುವುದು ಕಷ್ಟ, ಅಷ್ಟರೊಳಗೆ ಎಲ್ಲೋ ಒಂದು ಫ್ಯಾನು ಕೇಳಿಸುತ್ತದೆ. ಶುರುವಿನ 5 ಡೆಸಿಬೆಲ್ ಬಿಟ್ಟು ಅಲ್ಲಿಂದ ಮುಂದಿನ 20 ಡೆಸಿಬೆಲ್ ಇಳಿಯಲು ಎಷ್ಟು ಹೊತ್ತು ಬೇಕಾಯಿತು ನೋಡಿ ಮೂರರಿಂದ ಗುಣಿಸು, ಎಲ್ಲರೂ ಮಾಡುವುದು ಹಾಗೇ. ಮೆಟ್ಟಿಲು ಖಾಲಿ ಇದ್ದಾಗ ಒಮ್ಮೆ, ಐದು ಜನ ಕೂತಾಗ, ಹತ್ತು ಜನ ಕೂತಾಗ, ಹೀಗೆ. ಸೇಬಿನ್ ಮೆತ್ತೆ ಹೊತ್ತ, ನೀನು ಗೆಳೆಯರನ್ನು ಕೂರಿಸು. ಪ್ರತಿ ಸಲವೂ ಏನೂ ಮಾಡದೆ ಒಂದು ನಿಮಿಷ ಬರೀ ಜಾಗದ ಮೌನವನ್ನೂ ರೆಕಾರ್ಡ್ ಮಾಡಿಟ್ಟುಕೋ. ಎಡಿಟ್ ಮಾಡುವಾಗ ಎರಡು ತುಣುಕಿನ ನಡುವೆ ಹಾಕಲು ಅದು ಬೇಕೇ ಬೇಕಾಗುತ್ತದೆ.

ನನಗೆ ಜಾಸ್ತಿ ಕುತೂಹಲ ಇರುವುದು ಮೆಟ್ಟಿಲ ಪಕ್ಕದ ಆ ಕಬ್ಬಿಣದ ಕಂಬಿಯ ಮೇಲೆ. ಪೀಜೋ ಬಿಲ್ಲೆ (ಅದುರಿದರೆ ವಿದ್ಯುತ್ ಹುಟ್ಟಿಸುವ ಚಿಕ್ಕ ತಟ್ಟೆ) ಒಂದಕ್ಕೆ ವೈರ್ ಬೆಸೆದು ಕಂಬಿಗೆ ಬಿಗಿಯಾಗಿ ಅಂಟಿಸಿದರೆ ಅದೇ ಕಂಟ್ಯಾಕ್ಟ್ ಮೈಕ್, ಗಾಳಿಯ ಬದಲು ಕಂಬಿಯ ಅದುರನ್ನೇ ಹಿಡಿಯುತ್ತದೆ. ಅದನ್ನು ಗಿಟಾರ್ ಹಾಕುವ ಇನ್‌ಪುಟ್‌ಗೆ ಕೊಡು. ಮಾಮೂಲಿ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಕೆಳಗಿನ ಸ್ವರವೆಲ್ಲ ಮಾಯವಾಗಿ ತಗಡಿನ ಸದ್ದು ಉಳಿಯುತ್ತದೆ. ಮೇಲಿನ ತುದಿಯಲ್ಲಿ ಇದನ್ನೂ ಒಂದು ಮಾಮೂಲಿ ಮೈಕನ್ನೂ ಇಟ್ಟು, ಎರಡನ್ನೂ ಎರಡು ಚಾನೆಲ್‌ನಲ್ಲಿ ಹಿಡಿದು, 10 ಮೀಟರ್ ಕೆಳಗಿನಿಂದ ಕಂಬಿಗೆ ಒಂದು ಏಟು ಕೊಡಿಸು. ಕಬ್ಬಿಣದ ಒಳಗೆ ಸದ್ದು ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ, ಗಾಳಿಯದ್ದು ಮೇಲೆ ಬರುವಷ್ಟರಲ್ಲಿ ಸುಮಾರು 29 ಮಿಲಿಸೆಕೆಂಡ್ ಆಗಿರುತ್ತದೆ. ಹೆಡ್‌ಫೋನಲ್ಲಿ ಒಂದೇ ಏಟು ಎರಡು ಕಿವಿಗೆ ಎರಡು ಘಟನೆಯಾಗಿ ಕೇಳುತ್ತದೆ, ಒಂದು ಒಳಗಿನದ್ದು, ಒಂದು ಹೊರಗಿನದ್ದು. ಇದಕ್ಕಿಂತ ಒಳ್ಳೆಯ ತಾಳ ಬೇಕಾ ನಿನಗೆ?

ಯಾರ ಯಾರ ಸಂಗೀತ ಕೇಳಬೇಕು ಅಂತ ಉದ್ದ ಪಟ್ಟಿ ಹಾಕಿದ್ದೀಯಲ್ಲ, ಅದನ್ನು ನಾಲ್ಕಕ್ಕೆ ಇಳಿಸು. ಹಲೀಂ ಎಲ್-ದಬ್ 1944ರಲ್ಲಿ ಕೈರೋದಲ್ಲಿ ವೈರ್ ರೆಕಾರ್ಡರ್ (ತಂತಿಯ ಮೇಲೆ ಸದ್ದು ಹಿಡಿಯುವ ಹಳೆಯ ಯಂತ್ರ) ಹಿಡಿದು ಒಂದು ಆಚರಣೆಯ ಹಾಡು ರೆಕಾರ್ಡ್ ಮಾಡಿ, ರೇಡಿಯೋ ಕೇಂದ್ರದ ಕೋಣೆಯ ಮಾರ್ದನಿಯನ್ನೇ ಬಳಸಿ ಅದನ್ನು ಬೇರೆಯೇ ಆಗಿಸಿದ. ಪಿಯೇರ್ ಶೇಫರ್ (ಮೇಲೆ ಹೇಳಿದ ಶೇಫರ್ ಬೇರೆ) 1948ರಲ್ಲಿ ಪ್ಯಾರಿಸ್‌ನಲ್ಲಿ ರೈಲಿನ ಸದ್ದುಗಳಿಂದ ರಚನೆ ಮಾಡಿದ. ಗಂಟೆಯ ಏಟನ್ನು ಕತ್ತರಿಸಿ ಬರೀ ಬಾಲ ಕೇಳಿಸಿದರೆ ಅದು ಗಂಟೆ ಅಂತಲೇ ಅನಿಸುವುದಿಲ್ಲ ಅಂತ ತೋರಿಸಿದ್ದೂ ಅವನೇ. ಆಲ್ವಿನ್ ಲೂಸಿಯರ್ 1969ರಲ್ಲಿ ತನ್ನ ಮಾತನ್ನು ರೆಕಾರ್ಡ್ ಮಾಡಿ, ಅದನ್ನು ಅದೇ ಕೋಣೆಯಲ್ಲಿ ಕೇಳಿಸಿ ಮತ್ತೆ ರೆಕಾರ್ಡ್ ಮಾಡುತ್ತಾ, ಕೊನೆಗೆ ಮಾತು ಕರಗಿ ಕೋಣೆಯ ಸ್ವರಗಳಷ್ಟೇ ಉಳಿಯುವವರೆಗೆ ಹೋದ. ಪಾಲಿನ್ ಒಲಿವೆರೋಸ್ 1988ರಲ್ಲಿ ಗೆಳೆಯರ ಜೊತೆ ನೆಲದಡಿಯ ಒಂದು ಖಾಲಿ ನೀರಿನ ತೊಟ್ಟಿಗೆ ಇಳಿದು ನುಡಿಸಿದಳು. ಅಲ್ಲಿ ಸದ್ದು ಸಾಯಲು ಸುಮಾರು 45 ಸೆಕೆಂಡ್ ಬೇಕು, ಅವಸರ ಮಾಡಿದರೆ ತಾನು ನುಡಿಸಿದ್ದರ ಮೇಲೇ ತಾನು ಬೀಳಬೇಕು. ಈ ನಾಲ್ವರನ್ನು ಕೇಳು, ನಕಲು ಮಾಡಬೇಡ. ಲೂಸಿಯರ್ ಮಾಡಿದ್ದನ್ನೇ ನಿನ್ನ ಮೆಟ್ಟಿಲಲ್ಲಿ ಮಾಡಿದರೆ ಅಂಕ ಬರಬಹುದು, ಆದರೆ ಅದು ಪ್ರಯೋಗಾಲಯದ ಮಾಮೂಲಿ ಪಾಠ ಆಗುತ್ತದೆ. ಪ್ರತಿ ಸುತ್ತಿಗೂ ಇನ್ನೂ ಮೂರು ಜನರನ್ನು ಕೂರಿಸುತ್ತಾ ಹೋದರೆ? ಕೋಣೆಯೇ ಬದಲಾಗುತ್ತಾ ಹೋಗುತ್ತದಲ್ಲ, ಆಗ ಅದು ನಿನ್ನದು.

ರಚನೆಗೆ ನನ್ನ ಹಠ ಒಂದೇ. ಹೊರಗಿನ ಒಂದು ಸದ್ದೂ ಬೇಡ. ಸಿಂಥ್ ಬೇಡ, ಡ್ರಮ್ ಲೂಪ್ ಬೇಡ. ಬಲೂನು ಸದ್ದಿನಿಂದಲೇ ಆ ಜಾಗದ ರಿವರ್ಬ್ ತಯಾರಿಸಿ ಕಂಬಿಯ ಒಣ ಸದ್ದಿಗೆ ಹಾಕಬಹುದು, ಅದಕ್ಕೆ ಕನ್ವಲ್ಯೂಷನ್ ಅನ್ನುತ್ತಾರೆ, ಉಚಿತ ಪ್ಲಗಿನ್‌ಗಳಿವೆ. ಸದ್ದನ್ನು ಅರ್ಧ ವೇಗಕ್ಕೆ ಇಳಿಸಿದರೆ ಅದು ಒಂದು ಸ್ಥಾಯಿ ಕೆಳಗೆ ಬರುತ್ತದೆ. ಹಾಗೆ ಎಳೆಯುವ ಯೋಚನೆ ಇದ್ದರೆ ಆ ಟೇಕನ್ನು ಮಾತ್ರ 96 ಕಿಲೋಹರ್ಟ್ಸ್‌ನಲ್ಲಿ ಹಿಡಿ, ಇಲ್ಲದಿದ್ದರೆ ಮೇಲಿನ ಹೊಳಪು ಹೋಗಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಆರೇಳು ನಿಮಿಷದ ರಚನೆ ಧಾರಾಳ ಆಯಿತು. ನಲವತ್ತು ನಿಮಿಷ ಅಂತ ಬರೆದಿದ್ದೀಯ, ಅದನ್ನು ಕೂತು ಕೇಳುವ ಪರೀಕ್ಷಕರ ಮೇಲೆ ಸ್ವಲ್ಪ ಕರುಣೆ ಇರಲಿ.

ನೋಟ್‌ಬುಕ್ ಬಿಡಬೇಡ. ಫೈಲ್ ಹೆಸರು, ದಿನ, ಹೊತ್ತು, ಮೈಕ್ ಎಲ್ಲಿತ್ತು, ಎಷ್ಟು ಜನ, ಕಿಟಕಿ ತೆರೆದಿತ್ತೇ, ಇಷ್ಟು. ಜೊತೆಗೆ ಕೇಳುವ ಮೊದಲು ಏನಾಗುತ್ತದೆ ಅಂದುಕೊಂಡಿದ್ದೆ ಅನ್ನುವುದನ್ನೂ ಒಂದು ಸಾಲು ಬರಿ. ಇದು ಎಲ್ಲರಿಗೂ ಬೋರು, ಆದರೆ ವರದಿ ಬರೆಯಲು ಕೂತಾಗ ನಿನ್ನ ಕೈ ಹಿಡಿಯುವುದು ಆ ಸಾಲುಗಳೇ, ಏಕೆಂದರೆ ಉತ್ತರ ಗೊತ್ತಾದ ಮೇಲೆ ಮನಸ್ಸು ತನಗೆ ಮೊದಲೇ ಗೊತ್ತಿತ್ತು ಅಂತ ಸುಳ್ಳು ಹೇಳುತ್ತದೆ. ಫೈಲುಗಳು ಎರಡು ಬೇರೆ ಬೇರೆ ಕಡೆ ಇರಲಿ. ಮೆಟ್ಟಿಲಲ್ಲಿ ಫೋನಿನಲ್ಲಿ ಮಾತಾಡುವವರ ದನಿ ಸಿಕ್ಕಿಬಿದ್ದರೆ ಕೇಳಿ ಒಪ್ಪಿಗೆ ತಗೋ, ಕೊಡದಿದ್ದರೆ ಅಳಿಸು. ಅದು ಎಷ್ಟೇ ಚಂದದ ಟೇಕ್ ಆಗಿರಲಿ.

ಗೈಡ್ ವಿಷಯ ಚಿಕ್ಕದಾಯಿತು ಅಂದರೆ ಹೆದರಬೇಡ. ವಾದ ಮಾಡಲು ಹೋಗದೆ ಲೆಕ್ಕ ಹಾಕಿದ ಅಂಕಿ ಮತ್ತು ಅಳೆದ ಅಂಕಿ ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸು, ಕಂಬಿಯ ಆ ಎರಡು ಚಾನೆಲ್ ಸದ್ದನ್ನು ಹೆಡ್‌ಫೋನ್ ಹಾಕಿಸಿ ಕೇಳಿಸು. ನಿನ್ನ ಅಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ, ಮೆಟ್ಟಿಲ ಮೇಲೆ ಕೂತು ಓದು ಹಾಳುಮಾಡಿಕೊಳ್ಳುತ್ತಿಲ್ಲ ಅಂತ.

ಮೊದಲ ರೆಕಾರ್ಡಿಂಗ್ ಆದ ತಕ್ಷಣ ಎಡಿಟ್ ಮಾಡದೆ ಹಾಗೇ ಕಳಿಸು, ಚೆನ್ನಾಗಿ ಬಂದಿದ್ದನ್ನು ಆರಿಸಿ ಕಳಿಸಬೇಡ. ಮತ್ತೆ ಬಲೂನು ಒಡೆಯುವ ಮುಂಚೆ ವಾರ್ಡನ್‌ಗೆ ಒಂದು ಮಾತು ಹೇಳಿಬಿಡು. ರಾತ್ರಿ ಹನ್ನೊಂದಕ್ಕೆ ಆ ಮೆಟ್ಟಿಲಲ್ಲಿ ಅದು ಯಾವ ಸದ್ದಿನ ಹಾಗೆ ಕೇಳುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ನಿನ್ನ ದೊಡ್ಡಮ್ಮ