ಮಘಾ ಮಳೆಗೆ ಕಿತ್ತರೆ ಏನು ಬಂತು?

ಮಾನ್ಯ ಕೃಷಿ ಸಚಿವರಿಗೆ,

ಹಾವೇರಿ ಜಿಲ್ಲೆಯ ಒಬ್ಬ ರೈತನ ನಮಸ್ಕಾರಗಳು.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದ ಎಲ್ಲ ಕಡೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಪಾರ್ಥೇನಿಯಂ ಅಂದರೆ ನಾವು ಕಾಂಗ್ರೆಸ್ ಗಿಡ ಅನ್ನುವ ಕಳೆ. ಬ್ಯಾನರ್ ಕಟ್ಟುತ್ತಾರೆ, ಶಾಲೆ ಮಕ್ಕಳಿಂದ ಜಾಥಾ ಮಾಡಿಸುತ್ತಾರೆ, ನಾಲ್ಕು ಗಿಡ ಕಿತ್ತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋಗಳನ್ನೇ ಒಮ್ಮೆ ದೊಡ್ಡದು ಮಾಡಿ ನೋಡಿ ಸಾರ್. ಕೈಯಲ್ಲಿ ಹಿಡಿದ ಗಿಡದ ತುಂಬ ಬಿಳಿ ಹೂ ಇರುತ್ತದೆ. ಬೀಜ ಆಗಲೇ ಉದುರತೊಡಗಿರುತ್ತದೆ.

ನಮ್ಮದು ಮಳೆ ನಕ್ಷತ್ರದ ಲೆಕ್ಕ. ಮೇ ಕೊನೆಗೆ ಶುರುವಾಗುವ ರೋಹಿಣಿ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದರೆ ಸಾಕು, ಕಾಂಗ್ರೆಸ್ ಗಿಡ ಮೊಳೆಯುತ್ತದೆ. ತಿಂಗಳು, ಒಂದೂವರೆ ತಿಂಗಳಲ್ಲಿ ಹೂ ಬಿಡುತ್ತದೆ. ಸಪ್ತಾಹ ಬರುವುದು ಮಘಾ ಮಳೆಗೆ! ಚೆನ್ನಾಗಿ ಬೆಳೆದ ಒಂದು ಗಿಡ 10 ಸಾವಿರದಿಂದ 25 ಸಾವಿರ ಬೀಜ ಮಾಡುತ್ತದೆ. ಅದನ್ನು ಹಿಡಿದು, ಅಲುಗಾಡಿಸಿ, ಊರ ತುಂಬ ಹೊತ್ತುಕೊಂಡು ತಿರುಗಿದರೆ ನಾವೇ ಬಿತ್ತನೆ ಮಾಡಿದ ಹಾಗೆ, ಅಲ್ವಾ?

ಸಪ್ತಾಹ ಬೇಕಾದರೆ ಆಗಸ್ಟ್‌ನಲ್ಲೇ ಇರಲಿ. ಕೀಳುವ ಕೆಲಸ ಮಾತ್ರ ಜೂನ್‌ನಲ್ಲಿ, ಮೃಗಶಿರಾ ಮಳೆಗೇ ಶುರುವಾಗಲಿ. ಪ್ರತಿ ಮಳೆಗೂ ಹೊಸದಾಗಿ ಮೊಳೆಯುವ ಗಿಡ ಇದು. ಜುಲೈ ಕೊನೆಗೆ, ಪುಷ್ಯ ಮಳೆಯ ಹೊತ್ತಿಗೆ ಇನ್ನೊಂದು ಸುತ್ತು ಆಗಲೇಬೇಕು.

ಎಳೆಯದಿದ್ದಾಗ ಎಷ್ಟೋ ಜನರಿಗೆ ಇದರ ಗುರುತೇ ಸಿಗುವುದಿಲ್ಲ. ಎಲೆ ನೋಡಿದರೆ ಗಜ್ಜರಿಯೋ ಸೇವಂತಿಗೆಯೋ ಅನ್ನಬೇಕು. ಕಾಂಡ ಮೇಲೆದ್ದಿರುವುದಿಲ್ಲ. ಸೀಳುಸೀಳಾದ ಎಲೆಗಳು ಸುತ್ತಲೂ ಹರಡಿಕೊಂಡು ನೆಲಕ್ಕೆ ಅಂಟಿರುತ್ತವೆ. ಮುಟ್ಟಿದರೆ ಸಣ್ಣ ರೋಮ ಕೈಗೆ ತಾಗುತ್ತದೆ. ನೆಲ ಹಸಿ ಇದ್ದಾಗ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ನಿಮ್ಮ ಇಲಾಖೆ ಪೋಸ್ಟರ್ ಮಾಡಿಸುವಾಗ ಈ ಎಳೆ ಗಿಡದ ಚಿತ್ರವನ್ನೇ ದೊಡ್ಡದಾಗಿ ಹಾಕಿಸಿ. ಹೂ ಬಿಟ್ಟ ಮೇಲೆ ಅದು ಯಾರಿಗೆ ಗೊತ್ತಾಗುವುದಿಲ್ಲ? ಈ ಹಂತದಲ್ಲಿ ಕಿತ್ತದ್ದನ್ನು ತಿಪ್ಪೆಗೆ ಹಾಕಿದರೆ ಒಳ್ಳೆ ಗೊಬ್ಬರವೂ ಆಗುತ್ತದೆ. ಹೂ ಬಿಟ್ಟದ್ದನ್ನು ಹಾಕಿದರೆ ಬೀಜವೂ ಗೊಬ್ಬರದ ಜೊತೆ ಹೊಲ ಸೇರುತ್ತದೆ.

ನಮ್ಮೂರ ರಸ್ತೆ ಬದಿಯಲ್ಲಿ ಹೋದ ವರ್ಷ ಮಷಿನ್ ತಂದು ಕಟಾವು ಮಾಡಿಸಿದರು. ನೋಡಲು ಸ್ವಚ್ಛವಾಯಿತು. ಬುಡ ಹಾಗೇ ಉಳಿದಿತ್ತಲ್ಲ, ಕೆಲವೇ ದಿನಗಳಲ್ಲಿ ಪಕ್ಕದಿಂದ ಚಿಗುರೊಡೆದು ಗೇಣುದ್ದದಲ್ಲೇ ಹೂ ಬಿಟ್ಟಿತು. ಬಿಲ್ ಅಂತೂ ಪಾಸಾಗಿರಬೇಕು.

ಕೈಯಿಂದ ಕೀಳುವವರ ಪಾಡು ಇನ್ನೊಂದು. ಬರೀ ಕೈಯಲ್ಲಿ ಈ ಕೆಲಸ ಮಾಡಿದ ಹೆಣ್ಣುಮಕ್ಕಳ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ನೋಡಿದ್ದೇನೆ. ಚರ್ಮ ದಪ್ಪಗಾಗಿ, ಕಪ್ಪಿಟ್ಟು, ತುರಿಸಿ ತುರಿಸಿ ಗಾಯವಾಗಿರುತ್ತದೆ. ಬಿಸಿಲಿಗೆ ಹೋದರೆ ಉರಿ ಜಾಸ್ತಿ. ಒಮ್ಮೆ ಈ ಅಲರ್ಜಿ ಶುರುವಾದರೆ ಗಿಡದ ಹತ್ತಿರ ಹೋಗುವುದೇ ಕಷ್ಟ. ಕೈಗವಸು, ತುಂಬು ತೋಳಿನ ಅಂಗಿ ಕೊಡದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬಾರದು. ಶಾಲೆ ಮಕ್ಕಳನ್ನಂತೂ ಬೇಡವೇ ಬೇಡ.

ಇನ್ನು ಔಷಧಿ ಹೊಡೆಯುವ ವಿಚಾರ. ಮೆಕ್ಸಿಕೋದಿಂದ ತಂದ ಒಂದು ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮಾಸಲು ಬಿಳಿ ಬೆನ್ನು, ಮೇಲೆ ಕಂದು ಗೆರೆ. ಮಳೆಗಾಲದಲ್ಲಿ ಅದೂ, ಅದರ ಹಳದಿ ಮರಿಹುಳುವೂ ಸೇರಿ ಈ ಗಿಡದ ಎಲೆ ತಿಂದು ಬರೀ ಕಡ್ಡಿ ಉಳಿಸುತ್ತವೆ. ಬೇಸಿಗೆಯಲ್ಲಿ ದುಂಬಿಗಳು ಮಣ್ಣಿನೊಳಗೆ ಮಲಗಿರುತ್ತವೆ. ಪೂರ್ತಿ ಕೆಲಸ ಅದೊಂದರಿಂದ ಆಗುವುದಿಲ್ಲ, ನಿಜ. ಆದರೂ ದುಂಬಿ ಮೇಯುತ್ತಿರುವ ಜಾಗಕ್ಕೆ ಸುಮ್ನೆ ಪಂಪು ಹೊತ್ತು ಹೋಗುವುದೇಕೆ? ಸಿಂಪಡಿಸುವ ಮೊದಲು ಎಲೆ ಮಗುಚಿ ನೋಡಿ ಎಂದು ನಿಮ್ಮ ಸಿಬ್ಬಂದಿಗೆ ಹೇಳಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ 1975ರಲ್ಲೇ ಪಾರ್ಥೇನಿಯಂ ಅನ್ನು ಹಾನಿಕಾರಕ ಕಳೆ ಎಂದು ಘೋಷಿಸಿದ ರಾಜ್ಯ ನಮ್ಮದು. ನಮ್ಮ ಹೊಲ, ನಮ್ಮ ಬದು ನಾವು ನೋಡಿಕೊಳ್ಳುತ್ತೇವೆ. ರಸ್ತೆ ಬದಿ, ಕಾಲುವೆ ದಂಡೆ, ಖಾಲಿ ಬಿದ್ದ ಸರ್ಕಾರಿ ನಿವೇಶನ, ಇವು ಯಾರ ಪಾಲಿಗೆ? ಅಲ್ಲಿನ ಬೀಜವೇ ಗಾಳಿ, ನೀರು, ಟಿಪ್ಪರ್ ಗಾಲಿಗೆ ಅಂಟಿ ನಮ್ಮ ಹೊಲಕ್ಕೆ ಬರುತ್ತದೆ.

ಮೇ ತಿಂಗಳು ಮುಗಿಯುವುದರೊಳಗೆ ಪ್ರತಿ ಗ್ರಾಮ ಪಂಚಾಯಿತಿಗೂ ಸುತ್ತೋಲೆ ಮುಟ್ಟಿಸಿ. ಯಾವ ಜಾಗ ಯಾವ ಇಲಾಖೆಯದ್ದು ಎಂದು ಅದರಲ್ಲೇ ಬರೆದಿರಲಿ. ಕೂಲಿ, ಕೈಗವಸಿನ ದುಡ್ಡೂ ಆಗಲೇ ಬಂದರೆ ಪಿಡಿಒಗಳಿಗೆ ಜನರನ್ನು ಹೊಂದಿಸಲು ಸಮಯ ಸಿಗುತ್ತದೆ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ರೈತ