ಮಗಳಿಗೊಂದು ಪತ್ರ: ಎರಡರಲ್ಲಿ ಎಂಟು

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಸಂಶೋಧನಾ ಪ್ರಬಂಧ ಮೂರನೆಯ ಸಲವೂ ತಿರಸ್ಕೃತವಾಗಿ ಬಂದಿದೆ, ಹಿರಿಯ ಸಹೋದ್ಯೋಗಿಯೊಬ್ಬರು ಅದರಿಂದ ತಮ್ಮ ಹೆಸರನ್ನು ತೆಗೆಸಿಕೊಂಡಿದ್ದಾರೆ, ನೀನು ರಾಜೀನಾಮೆ ಬರೆದಿಟ್ಟಿದ್ದೀಯೆ ಎಂಬ ಮೂರು ಸುದ್ದಿಗಳನ್ನು ನೀನು ಒಂದೇ ಉಸಿರಿನಲ್ಲಿ ಹೇಳಿದಾಗ, ತಾಯಿಯಾದವಳು ಆಡಬೇಕಾದ ಮಾತನ್ನು ಬಿಟ್ಟು, "ಅಷ್ಟು ಜನ ತಿಳಿದವರು ಒಪ್ಪದಿದ್ದರೆ ಎಲ್ಲೋ ತಪ್ಪಿರಬೇಕಲ್ಲವೇ?" ಎಂದುಬಿಟ್ಟೆ. ನೀನು ಉತ್ತರ ಕೊಡಲಿಲ್ಲ. ನಿನ್ನ ಆ ಮೌನ ನನಗೆ ಹೊಸದಲ್ಲ. ಹಿಂದೊಮ್ಮೆ ಅದನ್ನು ಕೇಳಿಸಿಕೊಂಡವಳು ನಾನು.

ಆಗ ನೀನು ಮೂರನೆಯ ತರಗತಿ, ನಾನೇ ನಿನ್ನ ಗಣಿತದ ಟೀಚರ್. ಐವತ್ತೆರಡರಲ್ಲಿ ಮೂವತ್ತೆಂಟನ್ನು ಕಳೆಯುವ ಲೆಕ್ಕ. ಎರಡರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಹತ್ತರ ಸ್ಥಾನದಿಂದ ಒಂದನ್ನು ಎರವಲು ತರಬೇಕು ಎಂದು ನಾನು ಹಲಗೆಯ ಮೇಲೆ ಬರೆದು ತೋರಿಸಿದ್ದೆ. ನಿನ್ನ ಪುಸ್ತಕದಲ್ಲಿ ಮಾತ್ರ ಬೇರೆಯೇ ಇತ್ತು. ಐವತ್ತರಲ್ಲಿ ಮೂವತ್ತು ಹೋದರೆ ಇಪ್ಪತ್ತು. ಎರಡು ಕೊಟ್ಟರೂ ಎಂಟಕ್ಕೆ ಇನ್ನೂ ಆರು ಸಾಲ. ಇಪ್ಪತ್ತರಲ್ಲಿ ಆ ಸಾಲ ತೀರಿಸಿದರೆ ಹದಿನಾಲ್ಕು. ಉತ್ತರ ಸರಿಯಾಗಿಯೇ ಇತ್ತು. ನಾನು ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು "ಕ್ರಮ ತಪ್ಪು" ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಅದನ್ನು ಇಡೀ ತರಗತಿಗೆ ಓದಿ ಹೇಳಿ, "ಲೆಕ್ಕದಲ್ಲಿಯೂ ಸಾಲ ಮಾಡುತ್ತಾಳಂತೆ" ಎಂದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ನೀನು ಅಳಲಿಲ್ಲ. ಪೆನ್ಸಿಲನ್ನು ಕಂಪಾಸ್ ಬಾಕ್ಸಿನಲ್ಲಿಟ್ಟು ಮುಚ್ಚಳ ಒತ್ತಿದೆ. ಆ ಮುಚ್ಚಳದ ಸಣ್ಣ ಸದ್ದು ನೆನ್ನೆಯ ಫೋನಿನಲ್ಲಿ ಮತ್ತೆ ಕೇಳಿದಂತಾಯಿತು.

ನಿನಗೆ ಈ ಪ್ರಸಂಗ ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ. ಕೇಳುವ ಧೈರ್ಯ ಬಂದಿಲ್ಲ. ನನ್ನನ್ನು ಚುಚ್ಚುವುದು ಆ ಕೆಂಪು ಗೆರೆಗಿಂತ ಹೆಚ್ಚಾಗಿ, ನಿನ್ನ ದಾರಿ ಸರಿಯೆಂದು ಗೆರೆ ಎಳೆಯುವಾಗಲೇ ನನಗೆ ಅರ್ಧ ಹೊಳೆದಿತ್ತು ಎಂಬುದು. ಹಾಗಿದ್ದೂ ಎಳೆದೆ. ಏಕೆಂದರೆ ಎರಡರಲ್ಲಿ ಎಂಟು ಹೋಗುತ್ತದೆ ಎಂದು ಒಪ್ಪಿದರೆ, ಹೋಗುವುದಿಲ್ಲ ಎಂದು ಅದುವರೆಗೆ ನಾನು ಕಲಿಸಿದ ಅಷ್ಟೂ ಮಕ್ಕಳಿಗೆ ಏನು ಹೇಳಲಿ?

ನೀನು ಅಂದು ಬಳಸಿದ ಪದವನ್ನೇ 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಬಳಸಿದ್ದ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಅವನು ಸಂಖ್ಯೆಗಳನ್ನು ಧನ, ಋಣ ಎಂದು ವಿಂಗಡಿಸಿ, ಶೂನ್ಯದಿಂದ ಋಣವನ್ನು ಕಳೆದರೆ ಧನವಾಗುತ್ತದೆ ಎಂಬವರೆಗೆ ನಿಯಮಗಳನ್ನು ಬರೆದಿಟ್ಟಿದ್ದ. ಋಣವೆಂದರೆ ಸಾಲವೇ ತಾನೇ. ಐದು ಶತಮಾನಗಳ ನಂತರ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಒಂದು ಕಪಿಗಳ ಲೆಕ್ಕ ಬರುತ್ತದೆ: ಹಿಂಡಿನ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿದಷ್ಟು ಕಪಿಗಳು ಗುಹೆ ಸೇರಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಉತ್ತರ 50 ಆಗಬಹುದು, 5 ಕೂಡ ಆಗಬಹುದು. ಆದರೆ ಐದು ಕಪಿಗಳ ಐದನೆಯ ಒಂದು ಭಾಗದಿಂದ ಮೂರನ್ನು ಕಳೆದರೆ ಋಣ ಎರಡು ಬರುತ್ತದೆ. ಅದನ್ನು ಅವನು ಕೈಬಿಟ್ಟು, ಬಿಡಿಯಾಗಿ ನಿಂತ ಋಣ ಸಂಖ್ಯೆಯನ್ನು ಜನ ಒಪ್ಪುವುದಿಲ್ಲ ಎಂಬ ಕಾರಣ ಕೊಡುತ್ತಾನೆ. ಅಂಥ ಗಣಿತಜ್ಞನಿಗೂ ಜನ ಒಪ್ಪುವುದು ಒಂದು ಕಾರಣವಾಯಿತು ನೋಡು! ಇಂಗ್ಲೆಂಡಿನಲ್ಲಂತೂ ಫ್ರಾನ್ಸಿಸ್ ಮಸೇರ್ಸ್ ಎಂಬಾತ 1758ರಷ್ಟು ಈಚೆಗೆ ಋಣ ಸಂಖ್ಯೆಗಳ ಬಳಕೆಯನ್ನು ವಿರೋಧಿಸಿ ಪುಸ್ತಕವನ್ನೇ ಬರೆದ. ನಾನು ತರಗತಿಯಲ್ಲಿ ನಕ್ಕಾಗ ಸಾವಿರ ವರ್ಷಗಳ ನಗೆಯನ್ನು ನಕ್ಕಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿಲ್ಲ. ಅವರು ಯಾರೂ ತಮ್ಮ ಮಗಳನ್ನು ನೋಡಿ ನಕ್ಕಿರಲಿಲ್ಲ.

ಹೊಸ ವಿಚಾರವನ್ನು ಸಮಾಜ ತಳ್ಳಿಹಾಕುವುದು ಅದು ಅರ್ಥವಾಗದೆ ಎಂದು ನೀನು ಹೇಳುತ್ತೀಯೆ. ಎಷ್ಟೋ ಸಲ ಅದು ಅರ್ಥವಾಗಿಯೇ ತಳ್ಳಿಹಾಕುತ್ತದೆ ಎಂದು ನನಗೆ ಅನ್ನಿಸುತ್ತದೆ. ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನಿದ್ದ. 1846ರಲ್ಲಿ ಅಲ್ಲಿ ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸಾಯುತ್ತಿದ್ದರು, ಸೂಲಗಿತ್ತಿಯರ ವಿಭಾಗದಲ್ಲಿ ಮೂವರಿಗಿಂತ ಕಡಿಮೆ. ಶವಗಳನ್ನು ಕೊಯ್ದ ಕೈಗಳಲ್ಲಿಯೇ ಹೆರಿಗೆ ಕೋಣೆಗೆ ಬರುವುದು ಇದಕ್ಕೆ ಕಾರಣವೆಂದು ಕಂಡುಕೊಂಡ ಆತ, 1847ರ ಮೇ ತಿಂಗಳಿನಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ದೊಡ್ಡ ದೊಡ್ಡ ವೈದ್ಯರು ಒಪ್ಪಲಿಲ್ಲ. ರೋಗಾಣುಗಳ ವಿಚಾರ ಆಗ ಇನ್ನೂ ಸ್ಥಾಪಿತವಾಗಿರಲಿಲ್ಲ ಎಂಬುದು ನಿಜ, ಆದರೆ ಅದೊಂದೇ ಕಾರಣವಾಗಿರಲಾರದು. ಆ ಲೆಕ್ಕವನ್ನು ಒಪ್ಪುವ ವೈದ್ಯನು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಇವುಗಳಿಂದ ಎಷ್ಟು ಜನ ಸತ್ತರು ಎಂದು ಎಣಿಸಬೇಕಾಗಿತ್ತು. ಸೆಮ್ಮೆಲ್‌ವೈಸ್ ಎಣಿಸಿದ, ತಾನೂ ಆ ಪಾಪದಲ್ಲಿ ಪಾಲುದಾರ ಎಂದು ಬರೆದ. ಉಳಿದವರಿಗೆ ಅದಕ್ಕಿಂತ ಅವನನ್ನು ಹುಚ್ಚನೆನ್ನುವುದು ಸುಲಭವಾಗಿತ್ತು. ಒಂದು ಕೆಂಪು ಗೆರೆಯನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು ಎಂದರೆ ಅವರ ಸಂಕಟ ನನಗೆ ಸ್ವಲ್ಪ ಅರ್ಥವಾಗುತ್ತದೆ.

ನನ್ನ ಭಯವೂ ಅವನ ಕತೆಯಲ್ಲಿಯೇ ಇದೆ. ಆತ ತನ್ನ ಶೋಧವನ್ನು ಪೂರ್ಣವಾಗಿ ಪುಸ್ತಕವಾಗಿ ಬರೆದದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. ಆ ಬಳಿಕ ತನ್ನನ್ನು ಒಪ್ಪದವರಿಗೆ ಬಹಿರಂಗ ಪತ್ರಗಳನ್ನು ಬರೆದು ಕೊಲೆಗಾರರೆಂದು ಕರೆದ. 1865ರಲ್ಲಿ, 47ನೆಯ ವಯಸ್ಸಿನಲ್ಲಿ, ಮಾನಸಿಕ ಚಿಕಿತ್ಸಾಲಯದಲ್ಲಿ ಸತ್ತ. ನಿನ್ನ ರಾಜೀನಾಮೆಯ ಕರಡಿನಲ್ಲಿ "ಕಣ್ಣಿದ್ದೂ ಕುರುಡರು" ಎಂಬ ಮಾತು ಇದೆಯಲ್ಲ, ಅದನ್ನು ನೀನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಮಾತು ಸುಳ್ಳೆಂದಲ್ಲ. ಅದನ್ನು ತೆಗೆದುಬಿಡು.

ಉಪದೇಶ ಬೇಡವೆಂದುಕೊಂಡೇ ಕುಳಿತಿದ್ದೆ, ಶುರುವಾಗಿಯೇ ಬಿಟ್ಟಿತು. ಮೂವತ್ತು ವರ್ಷದ ಚಾಳಿ. ಹಾಗಿದ್ದರೆ ಇದನ್ನೂ ಕೇಳಿಬಿಡು. ತಿರಸ್ಕಾರವೇ ಸತ್ಯಕ್ಕೆ ಪ್ರಮಾಣವೆಂದು ಎಂದೂ ತಿಳಿಯಬೇಡ. ತಿರಸ್ಕೃತವಾದ ವಿಚಾರಗಳಲ್ಲಿ ಬಹುಪಾಲು ನಿಜಕ್ಕೂ ತಪ್ಪೇ ಇರುತ್ತವೆ. ಅವುಗಳ ಕತೆಯನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಮಗೆ ಗೆದ್ದವರ ಹೆಸರುಗಳಷ್ಟೇ ನೆನಪಿರುತ್ತವೆ. ಭೂಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಹೇಳಿದ ವೆಗೆನರ್‌ನನ್ನು ಲೋಕ ಗೇಲಿ ಮಾಡಿತು ಎನ್ನುತ್ತಾರೆ, ಆದರೆ ಅವನ ವಿರೋಧಿಗಳ ಬಳಿ ಒಂದು ನ್ಯಾಯವಾದ ಪ್ರಶ್ನೆಯೂ ಇತ್ತು: ಅಷ್ಟು ದೊಡ್ಡ ನೆಲವನ್ನು ತಳ್ಳುವ ಬಲ ಯಾವುದು? ಅವನು ಸೂಚಿಸಿದ ಬಲಗಳು ಲೆಕ್ಕಕ್ಕೆ ತೀರ ಸಾಲುತ್ತಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವನು ತೀರಿಕೊಂಡ. ಅವನ ಮಾತಿಗೆ ಬಲ ಕೊಡುವಂತೆ, ಸಾಗರತಳ ಹರಡುತ್ತಿದೆ ಎಂಬುದಕ್ಕೆ ಸಾಕ್ಷ್ಯ ಸಿಕ್ಕಿದ್ದು 1960ರ ದಶಕದಲ್ಲಿ. ನಿನ್ನ ಪ್ರಬಂಧ ಓದಿದ ಮೂವರಲ್ಲಿ ಒಬ್ಬರು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ, ಅವರನ್ನು ಮರೆತುಬಿಡು. ಎರಡು ಪುಟ ಆಕ್ಷೇಪ ಬರೆದವರಿದ್ದಾರಲ್ಲ, ಅವರು ನಿನ್ನ ಶತ್ರುವಲ್ಲ. ಎರಡು ಪುಟ ಬರೆಯಬೇಕಾದರೆ ಅವರು ಪೂರ್ತಿ ಓದಿದ್ದಾರೆ.

ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಅವರನ್ನು ಮಾತ್ರ ನಾನು ಮತ್ತೆ ಮತ್ತೆ ನೆನೆಯುತ್ತೇನೆ. 1935ರ ಜನವರಿಯಲ್ಲಿ, 24ರ ವಯಸ್ಸಿನಲ್ಲಿ, ದ್ರವ್ಯರಾಶಿಯಲ್ಲಿ ಒಂದು ಮಿತಿಯನ್ನು ಮೀರಿದ ನಕ್ಷತ್ರ ಶ್ವೇತಕುಬ್ಜವಾಗಿ, ಅಂದರೆ ಇಂಧನ ಮುಗಿದು ಕುಗ್ಗಿದ ಪುಟ್ಟ ನಕ್ಷತ್ರವಾಗಿ, ನಿಲ್ಲಲಾರದು ಎಂದು ಲಂಡನ್ನಿನ ಸಭೆಯಲ್ಲಿ ಅವರು ಮಂಡಿಸಿದ ಮೇಲೆ, ಆಗಿನ ಹೆಸರಾಂತ ಖಗೋಳ ವಿಜ್ಞಾನಿ ಎಡಿಂಗ್ಟನ್ ಎದ್ದು ನಿಂತು ಸಭೆ ನಗುವಂತೆ ಅದನ್ನು ಗೇಲಿ ಮಾಡಿದರು. ಚಂದ್ರಶೇಖರ್ ಕೂಗಾಡಲಿಲ್ಲ. ತಮ್ಮ ಕೆಲಸವನ್ನೆಲ್ಲ 1939ರಲ್ಲಿ ಪುಸ್ತಕವಾಗಿ ಬರೆದಿಟ್ಟು ಬೇರೆ ವಿಷಯಕ್ಕೆ ಹೊರಳಿದರು. ನೊಬೆಲ್ ಬಂದದ್ದು 1983ರಲ್ಲಿ. ಅದನ್ನು ನಿನಗೆ ಸಮಾಧಾನವಾಗಿ ಹೇಳುತ್ತಿಲ್ಲ, ನಲವತ್ತೆಂಟು ವರ್ಷ ಕಾಯಿ ಎಂದು ಯಾವ ತಾಯಿ ಹೇಳಿಯಾಳು? ಬರೆದಿಟ್ಟರು ಎಂಬಷ್ಟೇ ನನಗೆ ಮುಖ್ಯ.

ರಾಜೀನಾಮೆ ಕೊಡುವುದು ಬಿಡುವುದು ನಿನ್ನದು. ಆ ವಿಷಯದಲ್ಲಿ ಬಾಯಿ ಹಾಕುವುದಿಲ್ಲ. ಹಾಕಿದರೂ ನೀನು ಕೇಳುವವಳಲ್ಲ, ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇದೆ. ಬೆಳಗ್ಗೆ ನಿನ್ನ ಪ್ರಬಂಧವನ್ನು ತೆಗೆದು ಓದತೊಡಗಿದೆ. ಇದನ್ನು ಮೊದಲೇ ಮಾಡಬೇಕಿತ್ತು, ಕ್ಷಮಿಸು. ಮೂರನೆಯ ಪುಟದವರೆಗೆ ಬಂದಿದ್ದೇನೆ. ಅಲ್ಲಿ ಎರಡನೆಯ ಸಮೀಕರಣದಲ್ಲಿ ಇದ್ದಕ್ಕಿದ್ದಂತೆ ಒಂದು ಋಣ ಚಿಹ್ನೆ ಬಂದಿದೆ. ಎಲ್ಲಿಂದ ಬಂತೆಂದು ನಾಲ್ಕು ಸಲ ಬರೆದು ನೋಡಿದರೂ ನನಗೆ ತಿಳಿಯಲಿಲ್ಲ. ಭಾನುವಾರ ಫೋನ್ ಮಾಡಿದಾಗ ನಿಧಾನವಾಗಿ ಹೇಳಿಕೊಡು. ಪೆನ್ಸಿಲ್ ಹಿಡಿದು ಕುಳಿತಿರುತ್ತೇನೆ.

ನಿನ್ನ
ಅಮ್ಮ